ಜವಳಿ ತೆಗೆದ ಸೋಮವಾರ

ಮಳವಳ್ಳಿಯಲ್ಲಿ ನಮ್ಮ ಮಹಿಳಾ ಸಹಾಯ ಕೇಂದ್ರ ಇದ್ದದ್ದು ಎರಡು ಕೋಣೆಯ ಹಳೇ ಹೆಂಚಿನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಮೇಜು, ಒಂದು ಬೀರು, ಕಾಲು ಅಲ್ಲಾಡುವ ನಾಲ್ಕು ಕುರ್ಚಿ. ಹಿಂದಿನ ಕೋಣೆಯಲ್ಲಿ ಚಾಪೆ, ನೀರಿನ ಕೊಡ, ಗ್ಯಾಸ್ ಸ್ಟವ್ವು. ಜಗಳ ಆಡುವವರನ್ನು ಮುಂದೆ ಕೂರಿಸುತ್ತಿದ್ದೆವು, ಅಳುವವರನ್ನು ಹಿಂದೆ. ಮಂಡ್ಯದ ಗುತ್ತಲಿನ ನನ್ನ ಮನೆಯಿಂದ ಬೆಳಗಿನ ಬಸ್ಸು ಹಿಡಿದು ನಾನು ತಲುಪುವ ಹೊತ್ತಿಗೆ ನಮ್ಮ ಸಹಾಯಕಿ ಬೆಲ್ಲ ಸುರಿದು ಟೀ ಕಾಯಿಸಿಟ್ಟಿರುತ್ತಿದ್ದಳು. ಇದು ಪಾಯಸವೋ ಟೀಯೋ ಎಂದು ದಿನಾ ರೇಗಿಸುತ್ತಿದ್ದೆ. ಈಗ ಕೆಲಸದಿಂದ ನಿವೃತ್ತಳಾಗಿ, ನನಗೆ ಬೇಕಾದ ಹದಕ್ಕೆ ನಾನೇ ಟೀ ಮಾಡಿಕೊಂಡು ಕುಡಿಯುವಾಗ ಆ ಪಾಯಸವೇ ಬೇಕು ಅನ್ನಿಸುತ್ತದೆ. ಆ ಮನೆಯ ನೆನಪು ಬಂದರೆ ಅದರ ಹಿಂದೆಯೇ ನಾನು ಬರೆದ ಒಂದು ವರದಿಯ ನೆನಪೂ ಬರುತ್ತದೆ. ಎರಡೇ ಸಾಲಿನ ವರದಿ. ಎರಡೂ ಸಾಲು ತಪ್ಪು.

ಒಂದು ಗುರುವಾರ ಮಧ್ಯಾಹ್ನ ಕೇಂದ್ರದ ಫೋನಿಗೆ ಕರೆ ಬಂತು. ಕಿರುಗಾವಲಿನ ಆಚೆಯ ಒಂದು ಹಳ್ಳಿಯಿಂದ, ಪಕ್ಕದ ಮನೆಯ ಹೆಂಗಸಿನ ಮೊಬೈಲಿನಲ್ಲಿ, ಒಬ್ಬ ಹುಡುಗಿ ಪಿಸುದನಿಯಲ್ಲಿ ಮಾತಾಡಿದಳು. ವಯಸ್ಸು ಇಪ್ಪತ್ತು, ಮಳವಳ್ಳಿಯಲ್ಲಿ ಡಿಗ್ರಿ ಕೊನೇ ವರ್ಷ. ಬರುವ ಭಾನುವಾರದ ಆಚೆಯ ಭಾನುವಾರ ಅವಳ ಮದುವೆ, ಸೋದರಮಾವನ ಜೊತೆ. ತಾಯಿಯ ಒಡಹುಟ್ಟಿದ ತಮ್ಮನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಹೆಣ್ಣು ಹುಟ್ಟಿದಾಗಲೇ ‘ತಮ್ಮನಿಗೆ ಆಯ್ತು’ ಎಂದು ನಗುತ್ತಾ ಹೇಳಿಬಿಡುವ ಮನೆಗಳಿವೆ. ಆದರೆ ಈ ಹುಡುಗಿಗೆ ಅದು ಬೇಡ. ಕಾಲೇಜು ಬಿಡಿಸಿದ್ದರು, ಫೋನು ಕಿತ್ತುಕೊಂಡಿದ್ದರು, ಹಿತ್ತಲಿಗೆ ಹೋದರೂ ಒಬ್ಬರು ಹಿಂದೆ ಬರುತ್ತಿದ್ದರು.

ನಾನು ಕೇಳಿದ ಮೊದಲ ಪ್ರಶ್ನೆ, “ಹುಡುಗ ಯಾರಮ್ಮ?”

“ಹುಡುಗ ಯಾರೂ ಇಲ್ಲ ಮೇಡಮ್.”

ನಾನು ನಂಬಲಿಲ್ಲ. ಇಷ್ಟು ವರ್ಷದ ಅನುಭವ ಎಂಬ ಜಂಬ ನೋಡಿ. ಆಮೇಲೆ ಕಾಲೇಜಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು: ಎನ್ನೆಸ್ಸೆಸ್ ಶಿಬಿರಕ್ಕೆಂದು ಶಿವಪುರದ ಸತ್ಯಾಗ್ರಹ ಸ್ಮಾರಕಕ್ಕೆ ಹೋಗಿದ್ದಾಗ ಈ ಹುಡುಗಿಗೆ ಜ್ವರ ಬಂದು, ಬೇರೆ ಜಾತಿಯ ಸಹಪಾಠಿಯೊಬ್ಬ ಬೈಕಿನಲ್ಲಿ ಮದ್ದೂರಿನ ಬಸ್ ಸ್ಟ್ಯಾಂಡಿಗೆ ಬಿಟ್ಟಿದ್ದ. ಅಲ್ಲಿ ಬಂಧುವೊಬ್ಬರು ಕಂಡರು. ಹುಡುಗಿ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮೂರು ದಿನದಲ್ಲಿ ವೀಳ್ಯ ಬದಲಾಯಿಸಿ ಮಾತು ಗಟ್ಟಿ ಮಾಡಿಬಿಟ್ಟಿದ್ದರು.

ಕರೆ ಬಂದ ಮಾರನೆಯ ದಿನವೇ ಒಬ್ಬ ಪೇದೆಯನ್ನು ಜೊತೆ ಮಾಡಿಕೊಂಡು ಆ ಮನೆಗೆ ಹೋದೆ. ಹುಡುಗಿಯ ತಂದೆ ತೀರಿಕೊಂಡಿದ್ದರು, ಯಜಮಾನಿಕೆ ದೊಡ್ಡಪ್ಪನದು. ಬಿಳಿ ಪಂಚೆ, ಮೆತ್ತನೆಯ ಮಾತು. ಕೂರಿಸಿ ಮಜ್ಜಿಗೆ ಕೊಟ್ಟರು. ಗೋಡೆಯ ಮೇಲೆ ಹುಡುಗಿ ಶಾಲೆಯಲ್ಲಿ ಗೆದ್ದ ಬಹುಮಾನಗಳು ಸಾಲಾಗಿದ್ದವು. ಅವಳನ್ನು ಕರೆದಾಗ ತಲೆ ಬಾಚಿ, ಉದ್ದ ತೋಳಿನ ಚೂಡಿದಾರ ತೊಟ್ಟು ಬಂದು ನಿಂತಳು. ಹಿಂದೆ ತಾಯಿ, ಪಕ್ಕದಲ್ಲಿ ದೊಡ್ಡಮ್ಮ, ಎದುರಿಗೆ ದೊಡ್ಡಪ್ಪ.

“ಈ ಮದುವೆಗೆ ನಿನ್ನ ಒಪ್ಪಿಗೆ ಇದೆಯೇನಮ್ಮ?” ಎಂದು ಕೇಳಿದೆ.

ತಾಯಿಯ ಮುಖ ನೋಡಿದಳು. “ಇದೆ” ಎಂದಳು.

ಹಾಗೆಂದೇ ಬರೆದುಕೊಂಡೆ. ಹುಡುಗಿ ವಯಸ್ಕಳಾಗಿದ್ದು ಒಪ್ಪಿಗೆ ಇದೆ ಎಂದು ತಿಳಿಸಿದ್ದಾಳೆ. ಮುಂದಿನ ಕ್ರಮದ ಅಗತ್ಯ ಕಂಡುಬಂದಿಲ್ಲ. ಅವಳು ಸಹಿ ಹಾಕಿದಳು, ನಾನೂ ಹಾಕಿದೆ.

“ನೋಡುದ್ರಾ ಮೇಡಮ್ಮೋರೆ?” ಎಂದರು ದೊಡ್ಡಪ್ಪ. “ಹೆಣ್ಣೂ ನಮ್ದೆ, ಗಂಡೂ ನಮ್ದೆ. ಮನೆ ಇಚಾರ ಮನೇಲೇ ಇರ್ಲಿ ಬುಡಿ. ಊಟ ಮಾಡ್ಕಂಡೇ ಓಗ್ಬೇಕು.”

ಊಟವನ್ನೂ ಮಾಡಿದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹೇಳಿಕೆಯನ್ನು ಮನೆಯವರಿಂದ ದೂರ, ಒಬ್ಬಳೇ ಇರುವಾಗ ಪಡೆಯಬೇಕು. ‘ಒಪ್ಪಿಗೆ ಇದೆಯಾ’ ಎಂದು ಕೇಳಬಾರದು, ‘ಏನಾಯಿತು ಹೇಳು’ ಎಂದು ಕೇಳಬೇಕು. ಸಾಧ್ಯವಾದರೆ ಅವಳ ಕೈಯಲ್ಲೇ ಬರೆಸಬೇಕು. ಈ ನಿಯಮಗಳನ್ನು ಹೊಸಬರಿಗೆ ತರಬೇತಿಯಲ್ಲಿ ಹೇಳಿಕೊಡುತ್ತಿದ್ದವಳೇ ನಾನು. ಹಾಗಿದ್ದೂ ಯಾಕೆ ಹಾಗೆ ಮಾಡಿದೆ? ಪೇದೆಗೆ ಅವಸರವಿತ್ತು, ಬಿಸಿಲಿತ್ತು ಎಂದೆಲ್ಲ ಹೇಳಬಹುದು. ನಿಜ ಏನೆಂದರೆ ಆ ಮನೆ ನನಗೆ ಮರ್ಯಾದಸ್ಥರ ಮನೆಯಂತೆ ಕಂಡಿತು. ಕುಡಿದು ಬಂದು ಹೊಡೆಯುವವನ ಮನೆಯಲ್ಲಿ ನಾನು ಎಚ್ಚರವಾಗಿರುತ್ತಿದ್ದೆ. ಮಜ್ಜಿಗೆ ಕೊಟ್ಟು ಕೂರಿಸಿದವರ ಮನೆಯಲ್ಲಿ ಮೈಮರೆತೆ.

ಕೇಂದ್ರಕ್ಕೆ ಹಿಂತಿರುಗಿದಾಗ ಸಹಾಯಕಿ ಎಲ್ಲ ಕೇಳಿಸಿಕೊಂಡು ಹೇಳಿದಳು: “ಎಲ್ಲಾರ ಮುಂದೇನೆ ಕೇಳುದ್ರಾ? ನಮ್ಮತ್ತೆ ಮುಂದೆ ನಿಲ್ಸಿ ನನ್ನ ಕೇಳಿದ್ರೆ ನಾನೂ ಸುಕವಾಗಿವ್ನಿ ಅಂತಿದ್ದೆ ಕಣಕ್ಕಾ.”

ಭಾನುವಾರ ಬೆಳಿಗ್ಗೆ ನನ್ನ ಸ್ವಂತ ಮೊಬೈಲಿಗೆ, ಗುರುವಾರ ನಾನೇ ಕೊಟ್ಟಿದ್ದ ನಂಬರಿಗೆ, ಹುಡುಗಿಯ ಪಕ್ಕದ ಮನೆಯ ಹೆಂಗಸು ಕರೆ ಮಾಡಿದಳು. “ನೀವು ಬಂದೋದ್ ಮ್ಯಾಕೆ ಹುಡ್ಗೀನ ಬಡುದ್ರು ಕಣಮ್ಮ. ಪೋನ್ ಮಾಡಿದ್ದು ನೀನೇ ಅಂತ. ಇನ್ನೊಂದ್ಸಲ ಪೋಲೀಸು ಈ ಬಾಗ್ಲಿಗೆ ಬಂದ್ರೆ ನಾಲೆ ಏನ್ ದೂರ ಇಲ್ಲ ಅಂದವ್ರೆ ಅವ್ರ ದೊಡ್ಡಪ್ಪ. ನನ್ ಹೆಸ್ರು ಎಲ್ಲೂ ಯೋಳ್ಬ್ಯಾಡಿ.”

ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ನಾಲೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾಲು ಜಾರಿತು ಎಂದರೆ ಮುಗಿಯಿತು, ಕೇಳುವವರಿಲ್ಲ. ಮತ್ತೆ ಪೊಲೀಸರನ್ನು ಕರೆದುಕೊಂಡು ಹೋಗುವಂತಿಲ್ಲ, ಹೋಗದೆ ಇರುವಂತೆಯೂ ಇಲ್ಲ. ಮದುವೆಗೆ ಏಳು ದಿನ ಉಳಿದಿತ್ತು.

ರಜೆಯ ದಿನವಾದರೂ ಆಗಲೇ ಹೊರಟು ಮಳವಳ್ಳಿಗೆ ಬಂದು ಸಹಾಯಕಿಗೆ ಹೇಳಿ ಕಳುಹಿಸಿದೆ. ಅವಳು ಬಂದವಳೇ ಕಿಟಕಿಯಿಂದ ಎದುರಿನ ಹೊಂಗೆ ಮರದ ಕಡೆ ತೋರಿಸಿದಳು. “ನಿನ್ನೆಯಿಂದ ಆವಯ್ಯ ಅಲ್ಲೇ ನಿಂತವ್ನೆ. ಅವ್ನೇ ಕಣಕ್ಕಾ ಮದ್ವೆ ಗಂಡು. ಕಿರುಗಾವಲಲ್ಲಿ ಟಿಲ್ಲರ್ ರಿಪೇರಿ ಅಂಗ್ಡಿ ಮಡಗವ್ನೆ.”

ನನ್ನ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಾಗಿತ್ತು, ಇವನು ಸಿಕ್ಕಿದ. ಒಳಗೆ ಕರೆಸಿದೆ. ಮೂವತ್ತು ದಾಟಿದ ಆಳು, ಉಗುರಿನ ಸಂದಿಯಲ್ಲಿ ಗ್ರೀಸು. ಅವನು ಕೂರುವ ಮೊದಲೇ ಶುರು ಮಾಡಿದೆ. ನಾಚಿಕೆಯಾಗುವುದಿಲ್ಲವೇ, ಎತ್ತಿ ಆಡಿಸಿದ ಮಗುವಿಗೆ ತಾಳಿ ಕಟ್ಟಲು ಮನಸ್ಸಾದರೂ ಹೇಗೆ ಬರುತ್ತದೆ, ಜೈಲು ಎಂದರೆ ಏನು ಗೊತ್ತೇ ಎಂದು ಹತ್ತು ನಿಮಿಷ ಉಗಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನನಗೆ ಉಸಿರು ಕಟ್ಟಿದಾಗ ಸಹಾಯಕಿ ಅವನ ಮುಂದೆ ಟೀ ಇಟ್ಟಳು. ಆಗ ಅವನು ಬಾಯಿಬಿಟ್ಟ.

“ನನ್ನ ಯಾರೂ ಕೇಳ್ನಿಲ್ಲ ಮೇಡಮ್ಮೋರೆ. ನೀವೂವೆ ಕೇಳ್ನಿಲ್ಲ.”

ಏಳನೇ ಕ್ಲಾಸಿನವರೆಗೆ ಆ ಹುಡುಗಿ ಅಜ್ಜಿಯ ಮನೆಯಲ್ಲಿ, ಇವನ ಕಣ್ಣ ಮುಂದೆ ಬೆಳೆದವಳಂತೆ. ಜಡೆ ಹಾಕುವುದನ್ನೂ ಕಲಿತಿದ್ದನಂತೆ. ವೀಳ್ಯದ ದಿನ ದೊಡ್ಡಪ್ಪ ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: ನೀನು ಕಟ್ಟಿಕೊಳ್ಳುತ್ತೀಯೋ, ಇಲ್ಲಾ ನಾವು ಬೇರೆ ದಾರಿ ನೋಡಿಕೊಳ್ಳೋಣವೋ.

“ಬ್ಯಾರೆ ದಾರಿ ಅಂದ್ರೆ ಏನು ಅಂತ ನಂಗೊತ್ತು. ಅದ್ಕೇ ಊಂ ಅಂದ್ಬುಟ್ಟೆ. ಆಮೇಲೆ ನೋಡಾಣ, ಜೀವ ಉಳೀಲಿ ಮೊದ್ಲು ಅಂತ. ಈಗ ನಾನು ಒಲ್ಲೆ ಅಂದ್ರೂ ಅವ್ಳ್ಗೆ ಕೇಡು, ಕಟ್ಕಂಡ್ರೂ ಕೇಡು. ಏನ್ ಮಾಡ್ಲಿ ಯೋಳಿ?”

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಬಲವಂತದ ಮದುವೆ ಎಂದರೆ ಹೆಣ್ಣಿಗೆ ಮಾತ್ರ ಎಂದು ಯಾರು ನನಗೆ ಹೇಳಿಕೊಟ್ಟಿದ್ದರೋ. ಅಷ್ಟು ಮನೆಗಳಿಗೆ ಹೋಗಿದ್ದೆ, ಒಬ್ಬ ಗಂಡನ್ನೂ ಕೂರಿಸಿಕೊಂಡು ‘ನಿನಗೆ ಇಷ್ಟವೇನಪ್ಪ’ ಎಂದು ಕೇಳಿರಲಿಲ್ಲ.

ದಾರಿ ತೋರಿಸಿದವನೂ ಅವನೇ. ಮಾರನೆಯ ದಿನ, ಸೋಮವಾರ, ಮಂಡ್ಯಕ್ಕೆ ಜವಳಿ ತೆಗೆಯಲು ಹೋಗುವುದೆಂದು ಗೊತ್ತಾಗಿತ್ತು. ಧಾರೆ ಸೀರೆ, ಬೀಗರಿಗೆ ಕೊಡುವ ಬಟ್ಟೆ ಎಲ್ಲ ಅಂದೇ. ಹುಡುಗಿಯನ್ನು ಮನೆಯಲ್ಲೇ ಬಿಟ್ಟು ಹೋಗುವವರಿದ್ದರು. ಸೀರೆಯನ್ನು ಅವಳೇ ಆರಿಸಬೇಕು, ರವಿಕೆಗೆ ಅಳತೆ ಕೊಡಬೇಕು ಎಂದು ಮದುವೆ ಗಂಡು ಹಟ ಹಿಡಿದರೆ ಯಾರು ಬೇಡ ಅನ್ನುತ್ತಾರೆ? ಪೇಟೆ ಬೀದಿಯ ಆ ಜವಳಿ ಅಂಗಡಿ ನನಗೆ ಗೊತ್ತಿತ್ತು. ನನ್ನ ಮದುವೆಯ ರವಿಕೆ ಹೊಲಿದದ್ದೂ ಅದರ ಮಹಡಿಯಲ್ಲೇ. ಮೇಲೆ ಟೈಲರಮ್ಮನ ಕೋಣೆ, ಗಂಡಸರು ಹತ್ತುವಂತಿಲ್ಲ.

ಆ ದಿನವೆಲ್ಲ ತಯಾರಿಯಲ್ಲೇ ಹೋಯಿತು. ಮಂಡ್ಯದ ಮಹಿಳಾ ನಿಲಯದ ಮೇಲ್ವಿಚಾರಕಿಗೆ ಫೋನು ಮಾಡಿ ಒಂದು ಮಂಚ ಕಾದಿರಿಸಿದೆ. ಹುಡುಗಿಗೆ ಹದಿನೆಂಟು ತುಂಬಿದೆ ಎನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಠಾಣೆಯಲ್ಲೂ ನಡೆಯುವುದಿಲ್ಲ, ನಿಲಯದಲ್ಲೂ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಮಾವನ ಬಳಿ ಇತ್ತು, ಕಾಲೇಜಿಗೆ ಸೇರಿಸಿದವನು ಅವನೇ ಆದ್ದರಿಂದ. ಸಂಜೆ ಮಂಡ್ಯಕ್ಕೆ ಹೋಗಿ ಅಲ್ಲಿನ ಠಾಣೆಯ ಅಧಿಕಾರಿಗೆ ವಿಷಯ ಬರೆದು ಲಕೋಟೆಯಲ್ಲಿ ಹಾಕಿ ಖುದ್ದಾಗಿ ಕೊಟ್ಟೆ, ನಾನು ಬರೆದ ಹಿಂದಿನ ವರದಿ ತಪ್ಪು ಎಂದೂ ಅದರಲ್ಲೇ ಬರೆದೆ. ಅವರು ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಸಾದಾ ಸೀರೆಯಲ್ಲಿ ಒಬ್ಬ ಮಹಿಳಾ ಪೇದೆಯನ್ನು ಕಳುಹಿಸುವುದಾಗಿ ಒಪ್ಪಿಕೊಂಡರು.

ಸೋಮವಾರ ಹತ್ತು ಗಂಟೆಗೆ ನಾನು ಟೈಲರಮ್ಮನಿಗೆ ಎಲ್ಲ ತಿಳಿಸಿ ಅವಳ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ, ಗಿರಾಕಿಯಂತೆ ಕೂತಿದ್ದೆ. ಮಹಿಳಾ ಪೇದೆ ಬರಲಿಲ್ಲ. ಯಾರೋ ಮಂತ್ರಿ ಬರುತ್ತಾರೆಂದು ಬಂದೋಬಸ್ತಿಗೆ ಹಾಕಿದ್ದಾರೆ, ಮುಗಿದ ಕೂಡಲೇ ಬರುತ್ತೇನೆ ಎಂದು ಫೋನು ಮಾಡಿದಳು. ಹನ್ನೊಂದಕ್ಕೆ ಕೆಳಗೆ ದನಿಗಳು ಕೇಳಿಸಿದವು. ಬಗ್ಗಿ ನೋಡಿದರೆ ತಾಯಿ, ಮಾವ, ಹುಡುಗಿ, ಅವರ ಹಿಂದೆ ದೊಡ್ಡಪ್ಪ. ದೊಡ್ಡಪ್ಪ ಬರುವ ಮಾತೇ ಇರಲಿಲ್ಲ. ಅವರು ಗಾದಿಯ ಮೇಲೆ ಬಾಗಿಲಿಗೆ ಅಡ್ಡಲಾಗಿ ಕೂತು ಅಂಗಡಿಯವರು ಕೊಟ್ಟ ಜ್ಯೂಸು ಕುಡಿಯತೊಡಗಿದರು.

ಒಂದು ಗಂಟೆ ಸೀರೆಗಳು ಬಿಚ್ಚಿಕೊಂಡವು. ಕೊನೆಗೆ ಹುಡುಗಿಯೂ ತಾಯಿಯೂ ಮೆಟ್ಟಿಲು ಹತ್ತಿದರು. ಟೈಲರಮ್ಮ ಬಾಗಿಲಲ್ಲೇ ತಡೆದಳು. “ಜಾಗ ಇಲ್ಲ ಕಣಮ್ಮ, ಒಬ್ಬೊಬ್ರೇ ಬರ್ಬೇಕು. ನೀವು ಅಷ್ಟರಲ್ಲಿ ಬೀಗರ ಸೀರೆ ನೋಡ್ಕೊಂಬನ್ನಿ.” ತಾಯಿ ಒಂದು ಗಳಿಗೆ ಅನುಮಾನಿಸಿ ಇಳಿದುಹೋದಳು.

ನನ್ನನ್ನು ಕಂಡು ಹುಡುಗಿ ಗೋಡೆಗೆ ಒತ್ತಿಕೊಂಡಳು. ಅವಳಿಗೆ ನನ್ನ ಮೇಲೆ ನಂಬಿಕೆ ಯಾಕಿರಬೇಕು? “ನನ್ನದು ತಪ್ಪಾಯ್ತಮ್ಮ, ಎಲ್ಲರ ಮುಂದೆ ನಿನ್ನನ್ನು ಕೇಳಬಾರದಾಗಿತ್ತು” ಎಂದೆ. ಕೆಳಗಿನವರಿಗೆ ಅನುಮಾನ ಬಾರದಿರಲೆಂದು ಟೈಲರಮ್ಮ ಗಟ್ಟಿಯಾಗಿ ಅಳತೆ ಹೇಳುತ್ತಾ ಟೇಪು ಹಿಡಿದಳು. ಭುಜ ಹದಿನಾಲ್ಕು. ಎದೆ ಮೂವತ್ತೆರಡು. ತೋಳು ಎಂದು ಚೂಡಿದಾರದ ತೋಳನ್ನು ಮೇಲಕ್ಕೆ ಸರಿಸಿದವಳು ಅಲ್ಲೇ ನಿಂತುಬಿಟ್ಟಳು. ಮೊಣಕೈಯಿಂದ ಮೇಲೆ ಬಾಸುಂಡೆಗಳು, ಕೆಲವು ನೀಲಿ, ಕೆಲವು ಆಗಲೇ ಹಳದಿ. ಹಳದಿಯವು ನಾನು ಆ ಮನೆಯಲ್ಲಿ ಊಟ ಮಾಡಿ ಬರುವುದಕ್ಕಿಂತ ಹಿಂದಿನವು. ನೀಲಿಯವು ಆಮೇಲಿನವು.

“ಏನಾಯಿತು ಅಂತ ನಿನ್ನ ಕೈಯಲ್ಲೇ ಬರಿ” ಎಂದು ಕಾಗದ ಕೊಟ್ಟೆ. ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಪುಡಿಯ ನಡುವೆ, ನಿಂತೇ ಬರೆದಳು. ಒಂದೂವರೆ ಪುಟ. ಕೂಡಿಹಾಕಿದ್ದು, ಹೊಡೆದವರು ಯಾರು, ಯಾತರಿಂದ, ಹಾಲ್ ಟಿಕೆಟ್ಟನ್ನು ಒಲೆಗೆ ಹಾಕಿದ್ದು. ಕೊನೆಯಲ್ಲಿ, ‘ನನಗೆ ಯಾರ ಮೇಲೂ ಪ್ರೀತಿ ಇಲ್ಲ. ನಾನು ಪರೀಕ್ಷೆ ಬರೆಯಬೇಕು’ ಎಂದಿತ್ತು. ಓದಿ ಹೇಳಿದೆ, ಸಮಯ ಹಾಕಿಸಿದೆ, ಸಹಿ ಮಾಡಿಸಿದೆ. ಸಾಕ್ಷಿಯಾಗಿ ಟೈಲರಮ್ಮ ಸಹಿ ಮಾಡಿದಳು.

“ಹಿಂದ್ಗಡೆ ಮೆಟ್ಲಿದೆ” ಎಂದಳು ಟೈಲರಮ್ಮ. “ಓಣಿಗೆ ಇಳಿದ್ರೆ ಆಟೋ ಸಿಗ್ತದೆ. ಹೊರಡಿ.”

ನಾನೂ ಅದನ್ನೇ ಯೋಚಿಸಿದ್ದೆ. ಚಪ್ಪಲಿ ಹಾಕಿಕೊಂಡೂ ಬಿಟ್ಟಿದ್ದೆ. ಆಮೇಲೆ ಕಾಲು ತಡೆಯಿತು. ಹಿಂದಿನ ಮೆಟ್ಟಿಲಿಳಿದು ಹೋದರೆ ಸಂಜೆಯ ಹೊತ್ತಿಗೆ ಊರೆಲ್ಲ ಹುಡುಗಿ ಓಡಿಹೋದಳು ಎನ್ನುತ್ತದೆ. ಬೈಕಿನ ಕಥೆ ನಿಜವಾಗಿಬಿಡುತ್ತದೆ. ಅಪಹರಣದ ದೂರು ಮಾವನ ಮೇಲೋ, ಆ ಬಡಪಾಯಿ ಸಹಪಾಠಿಯ ಮೇಲೋ ಬೀಳುತ್ತದೆ. ಮುಂದಿನ ಮೆಟ್ಟಿಲಿಳಿದರೆ ದೊಡ್ಡಪ್ಪ ಬಾಗಿಲಲ್ಲೇ ಕೂತಿದ್ದಾರೆ, ಪೇದೆ ಇನ್ನೂ ಬಂದಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಒಂದು ಸಲ ಅವಳ ಪರವಾಗಿ ನಾನೇ ತೀರ್ಮಾನ ಮಾಡಿ ಕೆಡಿಸಿದ್ದೆ. ಎರಡೂ ದಾರಿಯನ್ನು ಬಿಡಿಸಿ ಹೇಳಿ, ನೀನೇ ಹೇಳು ಎಂದೆ.

ಅವಳು ತೋಳನ್ನು ಕೆಳಕ್ಕೆ ಎಳೆದುಕೊಂಡಳು. “ಕದ್ದು ಹೋಗೋಕೆ ನಾನೇನು ತಪ್ಪು ಮಾಡಿದ್ದೀನಿ ಮೇಡಮ್? ಅಮ್ಮಂಗೆ ಹೇಳೇ ಹೋಗ್ತೀನಿ.”

ಮುಂದಿನ ಮೆಟ್ಟಿಲಲ್ಲೇ ಇಳಿದೆವು. ಅಂಗಡಿ ತುಂಬ ಜನ. ಹುಡುಗಿ ನೇರ ತಾಯಿಯ ಮುಂದೆ ಹೋಗಿ ನಿಂತಳು. “ಅಮ್ಮಾ, ನನಗೆ ಈ ಮದ್ವೆ ಬೇಡ. ನಾನು ಇವರ ಜೊತೆ ಹೋಗ್ತಾ ಇದ್ದೀನಿ. ಯಾವ ಹುಡುಗನ ಜೊತೆಗೂ ಅಲ್ಲ.”

ತಾಯಿಯ ಕೈಯಲ್ಲಿದ್ದ ಸೀರೆ ಹಾಗೇ ಜಾರಿತು. ದೊಡ್ಡಪ್ಪ ಎದ್ದರು. ಆ ಮೆತ್ತನೆಯ ದನಿ ಈಗ ಇರಲಿಲ್ಲ. “ಏನಂದೆ ಲೇ? ಮನೆತನದ ಮಾನ ಬೀದೀಗೆ ತಂದ್ಯಾ? ನಡೀ ಮನೆಗೆ, ನಿನ್ನ…” ಎಂದು ಅವಳ ಜಡೆಗೆ ಕೈ ಹಾಕಿದರು. ನಾನು ಏನೋ ಕೂಗಿದೆ, ಕಾಯಿದೆ ಗೀಯಿದೆ ಎಂದು. ಅದನ್ನು ಯಾರು ಕೇಳುತ್ತಾರೆ?

ನಡುವೆ ಬಂದು ನಿಂತವನು ಮಾವ. “ಬುಡಿ ಭಾವ, ಕೂಸಿನ ಮ್ಯಾಲೆ ಕೈ ಮಾಡ್ಬ್ಯಾಡಿ. ಒಲ್ಲೆ ಅಂದೋನು ನಾನು. ಮಾವ್ನಾಗಿ ಅವ್ಳ್ನ ಹಸೆಗೆ ಎತ್ಕಂಡೋಗಿ ಕೂರ್ಸ್ಬೇಕಾದೋನು ನಾನು ಕಣ್ ಭಾವ. ಅವ್ಳ ಪಕ್ದಲ್ಲಿ ನಾನೇ ಎಂಗ್ ಕುಂತ್ಕಳ್ಳಿ? ವೀಳ್ಯ ಮುರ್ದೋನು ನಾನು ಅಂತ ಊರ್ಗೆಲ್ಲ ಯೋಳಿ.”

ದೊಡ್ಡಪ್ಪ ಅವನ ಮುಖಕ್ಕೆ ಹೊಡೆದರು. ತುಟಿ ಒಡೆದು ಅಂಗಿಯ ಮೇಲೆ ರಕ್ತ ಬಿತ್ತು. ಅವನು ಕೈ ಎತ್ತಲಿಲ್ಲ, ಪಕ್ಕಕ್ಕೆ ಸರಿಯಲೂ ಇಲ್ಲ. ಇನ್ನೊಂದು ಏಟು ಬಿತ್ತು. ಅಷ್ಟರಲ್ಲಿ ಬೆವರು ಸುರಿಸಿಕೊಂಡು ಓಡೋಡಿ ಬಂದ ಮಹಿಳಾ ಪೇದೆ ದೊಡ್ಡಪ್ಪನ ರಟ್ಟೆ ಹಿಡಿದಳು. ನೋಡಲು ಅರ್ಧ ಆಳು, ಆದರೆ ಆ ಹಿಡಿತ ಬಿಡಿಸಿಕೊಳ್ಳಲು ಅವರಿಗೆ ಆಗಲಿಲ್ಲ. ತಾಯಿ ಮೆಟ್ಟಿಲ ಮೇಲೆ ಕುಸಿದು ಕೂತು, ನನ್ನನ್ನು ನೋಡಿ ಹೇಳಿದಳು: “ಮಗ್ಳ್ನೂ ಕಿತ್ಕಂಡೆ, ತಮ್ಮನ್ನೂ ಕಿತ್ಕಂಡೆ. ನಿನ್ ಒಟ್ಟೆ ತಣ್ಣಗಿರ್ಲಿ ಕಣಮ್ಮ.”

ಠಾಣೆಯಲ್ಲಿ ಮೂರು ಗಂಟೆ ಹಿಡಿಯಿತು. ಊರಿಂದ ಎರಡು ಕಾರು ಜನ ಬಂದರು. ಅಧಿಕಾರಿ ಅಂಕಪಟ್ಟಿಯ ಹುಟ್ಟಿದ ದಿನಾಂಕ ಓದಿದರು, ಹೇಳಿಕೆ ಓದಿದರು, ಹುಡುಗಿಯನ್ನು ಒಳಕೋಣೆಗೆ ಒಬ್ಬಳನ್ನೇ ಕರೆಸಿ ಮತ್ತೊಮ್ಮೆ ಕೇಳಿದರು. ಅದೇ ಮಾತು ಹೇಳಿದಳು. ದೊಡ್ಡಪ್ಪನ ಮೇಲೆ ಕೇಸು ದಾಖಲಾಯಿತು.

ಮುಂದೆ ಏನಾಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೇಸು ವರ್ಷಗಟ್ಟಲೆ ಎಳೆಯಿತು. ಹುಡುಗಿ ನಿಲಯದಿಂದಲೇ ಪರೀಕ್ಷೆ ಬರೆದಳು, ಪಾಸಾದಳು, ಈಗ ಬೇರೆ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಮದುವೆಯ ಮಾತನ್ನು ನಾನು ಕೇಳಿಲ್ಲ, ಅವಳು ಹೇಳಿಲ್ಲ. ತಾಯಿ ಒಮ್ಮೆಯೂ ನೋಡಲು ಬರಲಿಲ್ಲ. ಮಾವನನ್ನು ಅಕ್ಕನ ಮನೆಯ ಯಾವ ಕಾರ್ಯಕ್ಕೂ ಕರೆಯುವುದಿಲ್ಲ, ದಾರಿಯಲ್ಲಿ ಎದುರಾದರೆ ಅಕ್ಕ ಮುಖ ತಿರುಗಿಸಿಕೊಂಡು ಹೋಗುತ್ತಾಳಂತೆ. ಮರ್ಯಾದೆ ಉಳಿಸುತ್ತೇವೆಂದು ಹೊರಟ ಮನೆ ಹಾಗೆ ಒಡೆದುಹೋಯಿತು. ಅದಕ್ಕೆ ನನಗೆ ಸಂತೋಷವಿಲ್ಲ.

ಆದರೂ ಆ ಸೋಮವಾರದ ಸಂಜೆ ನೆನಪಾದಾಗಲೆಲ್ಲ ನನಗೆ ಆ ಕೆಲಸ ಮತ್ತೆ ಬೇಕು ಅನ್ನಿಸುತ್ತದೆ. ಆರು ಗಂಟೆಯ ಹೊತ್ತಿಗೆ ನಿಲಯ ತಲುಪಿದೆವು. ಮಾವ ತುಟಿಗೆ ಕರವಸ್ತ್ರ ಒತ್ತಿಕೊಂಡು ಗೇಟಿನ ಹೊರಗೇ ನಿಂತ. ಒಳಗೆ ಮೇಲ್ವಿಚಾರಕಿ ದಾಖಲಾತಿ ಅರ್ಜಿ ಕೊಟ್ಟು, ಭೇಟಿಗೆ ಬರಬಹುದಾದ ಒಬ್ಬ ಬಂಧುವಿನ ಹೆಸರು ಬರೆಯಬೇಕು ಎಂದರು. ಹುಡುಗಿ ತಡಮಾಡದೆ ಬರೆದಳು. ಮೇಲ್ವಿಚಾರಕಿ ಕನ್ನಡಕ ಸರಿಸಿ ಅದನ್ನು ನೋಡಿದರು.

“ಇದೇ ಮನುಷ್ಯನಿಗೇ ಅಲ್ಲವೇನಮ್ಮ ನಿನ್ನನ್ನು ಕೊಡೋಕೆ ಹೊರಟಿದ್ದದ್ದು? ಬೇರೆ ಯಾರ ಹೆಸರನ್ನಾದರೂ ಬರಿ.”

“ನನಗೆ ಬೇರೆ ಯಾರಿದ್ದಾರೆ ಮೇಡಮ್?” ಎಂದಳು ಹುಡುಗಿ.

ಆ ಬಂಧುವಿನ ಸಹಿಯೂ ಬೇಕಾಗಿದ್ದರಿಂದ ಅವನನ್ನು ಒಳಗೆ ಕರೆಸಿದೆವು. ಅವನು ಅಂಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಸಹಿ ಮಾಡುವ ಮೊದಲು ಅವಳು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದ. ತನ್ನ ಹೆಸರು, ಊರು, ಅದರ ಮುಂದೆ ಸಂಬಂಧ ಎನ್ನುವಲ್ಲಿ ದುಂಡಗೆ ‘ಸೋದರಮಾವ’ ಎಂದು. ಅಂಗಡಿಯಲ್ಲಿ ಅಷ್ಟು ಏಟು ತಿಂದರೂ ಒಂದು ಹನಿ ಕಣ್ಣೀರು ಹಾಕದವನು, ಅಲ್ಲಿ ಮೇಜಿನ ಅಂಚು ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟ.